ಸೆಮೂರ್ ಡಂಕನ್ ಎಸ್‌ಎಸ್‌ಎಲ್-1 ಪಿಕಪ್: ದುಡ್ಡು ಹಾಕುವ ಮೊದಲು ವೈರಿಂಗ್ ನೋಡಿ

ನೇರವಾಗಿ ಹೇಳಿಬಿಡುತ್ತೇನೆ. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್) ಮಾದರಿಯ ಎಲೆಕ್ಟ್ರಿಕ್ ಗಿಟಾರಿಗೆ ಸೆಮೂರ್ ಡಂಕನ್ ಎಸ್‌ಎಸ್‌ಎಲ್-1 ತುಂಬಾ ಒಳ್ಳೆಯ ಪಿಕಪ್. ಪಿಕಪ್ ಅಂದರೆ ತಂತಿಯ ಕಂಪನವನ್ನು ಸಿಗ್ನಲ್ ಮಾಡಿ ಆಂಪ್ಲಿಫೈಯರ್‌ಗೆ (ಆಂಪ್) ಕಳಿಸುವ ಭಾಗ. ಆದರೆ ಒಳಗಿನ ಹಳೆ ಪಾಟ್, ಸ್ವಿಚ್, ಜ್ಯಾಕ್ ಎಲ್ಲ ಹಾಗೇ ಬಿಟ್ಟು ಬರೀ ಪಿಕಪ್ ಬದಲಾಯಿಸಿದರೆ ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಸಿಗುವುದಿಲ್ಲ. ನಾನು ಮೊದಲು ವೈರಿಂಗ್ ಪೂರ್ತಿ ಹೊಸದು ಮಾಡಿದೆ, ಹಳೆ ಪಿಕಪ್‌ಗಳಲ್ಲೇ ಸ್ವಲ್ಪ ಕಾಲ ನುಡಿಸಿದೆ, ಆಮೇಲೆ ಪಿಕಪ್ ಹಾಕಿದೆ. ಹಾಗಾಗಿ ಯಾವ ಬದಲಾವಣೆ ಯಾವುದರಿಂದ ಬಂತು ಅಂತ ಬೇರೆಬೇರೆಯಾಗಿ ಹೇಳಬಲ್ಲೆ. ಎರಡನ್ನೂ ಒಂದೇ ಸಲ ಮಾಡಿದವರು ಎಲ್ಲ ಹೆಸರನ್ನೂ ಪಿಕಪ್‌ಗೇ ಕೊಟ್ಟುಬಿಡುತ್ತಾರೆ.

ನನ್ನದು ಅಗ್ಗದ ಸ್ಟ್ರಾಟ್ ಮಾದರಿ. ಕಂಪನಿಯ ಹೆಸರು ಬೇಡ, ಈ ಬೆಲೆಯ ಗಿಟಾರ್‌ಗಳ ಒಳಗೆ ಹೆಚ್ಚುಕಡಿಮೆ ಇದೇ ಸರಕು ಇರುತ್ತದೆ. ಮರ ಚೆನ್ನಾಗಿದೆ, ನೆಕ್ ನೇರವಾಗಿದೆ, ಫ್ರೆಟ್‌ಗಳು ನಯವಾಗಿವೆ. ಇಂಥ ಗಿಟಾರ್ ಸಿಕ್ಕರೆ ಬಿಡಬಾರದು, ಯಾಕೆಂದರೆ ನೆಕ್ ಸರಿ ಇಲ್ಲದಿದ್ದರೆ ಯಾವ ಪಿಕಪ್ಪೂ ಅದನ್ನು ಸರಿಮಾಡುವುದಿಲ್ಲ. ನಾನು ನುಡಿಸುವುದು ಜಾಸ್ತಿ ಸುಗಮ ಸಂಗೀತ ಮತ್ತು ಹಳೆ ಕನ್ನಡ ಸಿನಿಮಾ ಹಾಡು. ಡಿಸ್ಟಾರ್ಷನ್ ಬಹಳ ಕಡಿಮೆ. ಕ್ಲೀನ್ ಟೋನ್‌ನಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು, ತಂತಿ ಎಳೆದು ಗಮಕ ಕೊಟ್ಟರೆ ಸ್ವರ ನಡುವೆ ಸಾಯಬಾರದು. ನನಗೆ ಬೇಕಿದ್ದದ್ದು ಇಷ್ಟೇ. ನೀವು ಮೆಟಲ್ ನುಡಿಸುವವರಾದರೆ ಈ ಪಿಕಪ್ ನಿಮಗಲ್ಲ, ಆದರೆ ವೈರಿಂಗ್ ಬಗ್ಗೆ ಹೇಳಿದ್ದು ನಿಮಗೂ ಉಪಯೋಗಕ್ಕೆ ಬರುತ್ತದೆ.

ಮೊದಲು ಪಾಟ್. ವಾಲ್ಯೂಮ್ ಮತ್ತು ಟೋನ್ ಗುಂಡಿಗಳ ಕೆಳಗೆ ಇರುವ ಪೊಟೆನ್ಷಿಯೋಮೀಟರ್ ಇದೆಯಲ್ಲ, ಅದನ್ನು ಎಲ್ಲರೂ ಸದ್ದು ಏರಿಸಿ ಇಳಿಸುವ ಸಾಮಾನು ಅಂದುಕೊಂಡಿರುತ್ತಾರೆ. ಪೂರ್ತಿ ಹತ್ತಕ್ಕೆ ತಿರುಗಿಸಿಟ್ಟರೂ ಅದು ಟೋನ್ ಮೇಲೆ ಪರಿಣಾಮ ಮಾಡುತ್ತಲೇ ಇರುತ್ತದೆ. ಪಿಕಪ್‌ನಿಂದ ಬರುವ ಸಿಗ್ನಲ್‌ನ ಒಂದು ಪಾಲು ಪಾಟ್ ಮೂಲಕ ಗ್ರೌಂಡ್‌ಗೆ ಹೋಗುತ್ತದೆ. ಪಾಟ್‌ನ ಓಮ್ ಸಂಖ್ಯೆ ಕಡಿಮೆ ಇದ್ದಷ್ಟೂ ಟ್ರೆಬಲ್ ಜಾಸ್ತಿ ತಗ್ಗುತ್ತದೆ. ಅದಕ್ಕೇ ಎಸ್‌ಎಸ್‌ಎಲ್-1ರಂಥ ಒಂದೇ ಸುರುಳಿಯ ಪಿಕಪ್‌ಗೆ, ಅಂದರೆ ಸಿಂಗಲ್ ಕಾಯಿಲ್‌ಗೆ, 250 ಕಿಲೋ ಓಮ್, ಎರಡು ಸುರುಳಿಯ ಹಂಬಕರ್‌ಗೆ 500 ಕಿಲೋ ಓಮ್ ಅನ್ನುವ ರೂಢಿ ಬಂದಿದ್ದು. ಸಿಂಗಲ್ ಕಾಯಿಲ್ ಮೊದಲೇ ಚೂಪು, ಅದನ್ನು ಸ್ವಲ್ಪ ಮೆತ್ತಗೆ ಮಾಡಬೇಕು. ಹಂಬಕರ್ ಮೊದಲೇ ದಪ್ಪ, ಅದಕ್ಕೆ ತೆರಪು ಬೇಕು.

ನನ್ನ ಗಿಟಾರ್‌ನ ಹಳೆ ಪಾಟ್‌ಗಳು ಚಿಕ್ಕವು, ಬೆರಳಿನ ಉಗುರಿನಷ್ಟು. ವಾಲ್ಯೂಮ್ ಹತ್ತರಿಂದ ನಾಲ್ಕಕ್ಕೆ ಇಳಿಸುವ ತನಕ ಏನೂ ಆಗುತ್ತಿರಲಿಲ್ಲ, ಆಮೇಲೆ ಒಮ್ಮೆಲೇ ಸದ್ದು ಕುಸಿಯುತ್ತಿತ್ತು. ತಿರುಗಿಸಿದಾಗ ಕರಕರ ಬೇರೆ. ಅವನ್ನು ತೆಗೆದು ಸಿಟಿಎಸ್ ಕಂಪನಿಯ 250 ಕಿಲೋ ಓಮ್ ಆಡಿಯೋ ಟೇಪರ್ ಪಾಟ್ ಹಾಕಿದೆ. ಆಡಿಯೋ ಟೇಪರ್ ಅಂದರೆ ಕಿವಿ ಸದ್ದನ್ನು ಗ್ರಹಿಸುವ ರೀತಿಗೆ ಹೊಂದುವ ಹಾಗೆ ಮಾಡಿದ ಪಾಟ್, ಬಿ ಅಂತ ಗುರುತಿರುವ ಲೀನಿಯರ್ ಅಲ್ಲ, ಎ ಅಂತ ಇರಬೇಕು. ಈಗ ಏಳರಲ್ಲಿ ಇಟ್ಟರೆ ಹಾಡುಗಾರರ ಹಿಂದೆ ಕೂತುಕೊಳ್ಳುವಷ್ಟು, ಹತ್ತಕ್ಕೆ ತಂದರೆ ಹಾಡಿನ ನಡುವಿನ ಬಿಟ್ ನುಡಿಸುವಷ್ಟು. ಪೆಡಲ್ ತುಳಿಯುವ ಅಗತ್ಯವೇ ಕಡಿಮೆಯಾಯಿತು.

ಕೊಳ್ಳುವಾಗ ಒಂದು ಕೆಲಸ ಮಾಡಿ, ಮಲ್ಟಿಮೀಟರ್ ಹಿಡಿದು ಅಳೆಯಿರಿ. 250 ಅಂತ ಬರೆದಿದ್ದರೂ ಪಾಟ್‌ಗಳಲ್ಲಿ ಶೇಕಡಾ 20ರವರೆಗೆ ಹೆಚ್ಚುಕಡಿಮೆ ಇರುವುದು ಮಾಮೂಲು. ಅಂದರೆ 200ರಿಂದ 300ರ ತನಕ ಏನು ಬೇಕಾದರೂ ಬರಬಹುದು. ಇರುವುದರಲ್ಲಿ ಜಾಸ್ತಿ ತೋರಿಸುವುದನ್ನು ವಾಲ್ಯೂಮ್‌ಗೆ ಹಾಕಿದರೆ ಗಿಟಾರ್ ಸ್ವಲ್ಪ ತೆರೆದುಕೊಂಡ ಹಾಗೆ ಕೇಳುತ್ತದೆ.

ಇನ್ನೊಂದು ಮಾತು, ಇದನ್ನು ಅಂಗಡಿಯವರು ಹೇಳುವುದಿಲ್ಲ. ಸಿಟಿಎಸ್ ಪಾಟ್‌ನ ಕುತ್ತಿಗೆ ದಪ್ಪ, ಇಂಚಿನ ಎಂಟರಲ್ಲಿ ಮೂರು ಭಾಗ, ಅಂದರೆ ಸುಮಾರು 9.5 ಮಿಲಿಮೀಟರ್. ಅಗ್ಗದ ಗಿಟಾರ್‌ನ ಪಿಕ್‌ಗಾರ್ಡ್‌ನಲ್ಲಿ, ಅಂದರೆ ಇವೆಲ್ಲ ಕೂರುವ ಮುಂಭಾಗದ ಪ್ಲಾಸ್ಟಿಕ್ ಹಲಗೆಯಲ್ಲಿ, ತೂತು ಅದಕ್ಕಿಂತ ಚಿಕ್ಕದು. ಡ್ರಿಲ್ ಹಾಕಿದರೆ ಪ್ಲಾಸ್ಟಿಕ್ ಸೀಳಬಹುದು, ಕೈಯಲ್ಲಿ ತಿರುಗಿಸುವ ರೀಮರ್ ತಗೊಳ್ಳಿ, ಇಲ್ಲವೇ ಉರುಟು ಅರದಲ್ಲಿ ನಿಧಾನವಾಗಿ ಉಜ್ಜಿ. ಹಳೆ ಗುಂಡಿಗಳೂ ಕೂರುವುದಿಲ್ಲ. ಹೊಸ ಪಾಟ್‌ನ ಕಡ್ಡಿಯಲ್ಲಿ 24 ಹಲ್ಲು, ಹಳೆಯದರಲ್ಲಿ 18. ಒತ್ತಿ ಕೂರಿಸಲು ಹೋದರೆ ಗುಂಡಿ ಒಡೆಯುತ್ತದೆ. ಪಾಟ್ ಜೊತೆಗೇ ಅದಕ್ಕೆ ಹೊಂದುವ ಗುಂಡಿಯನ್ನೂ ಆರ್ಡರ್ ಮಾಡಿ.

ಪಿಕಪ್ ಆರಿಸುವ ಸ್ವಿಚ್ ಓಕ್ ಗ್ರಿಗ್ಸ್‌ಬಿ ಕಂಪನಿಯದು, ಕೇಬಲ್ ಚುಚ್ಚುವ ಜ್ಯಾಕ್ ಸ್ವಿಚ್‌ಕ್ರಾಫ್ಟ್ ಕಂಪನಿಯದು ಹಾಕಿದೆ. ಇವುಗಳಿಂದ ಟೋನ್ ಬದಲಾಗುವುದಿಲ್ಲ, ಯಾರಾದರೂ ಹಾಗೆ ಹೇಳಿದರೆ ನಂಬಬೇಡಿ. ಬದಲಾಗುವುದು ಭರವಸೆ. ಕಾರ್ಯಕ್ರಮದ ನಡುವೆ ಕೇಬಲ್ ಅಲ್ಲಾಡಿದರೆ ಸದ್ದು ಹೋಗುವುದಿಲ್ಲ, ಸ್ವಿಚ್ ಎಳೆದರೆ ಟಕ್ ಅಂತ ಕೂರುತ್ತದೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿ ಕಡೆ ಗಿಟಾರ್ ಇಟ್ಟುಕೊಂಡವರಿಗೆ ಗೊತ್ತು, ಅಗ್ಗದ ಜ್ಯಾಕ್‌ನ ಲೇಪ ಎರಡು ಮಳೆಗಾಲದಲ್ಲಿ ಕಪ್ಪಾಗಿ ಸಂಪರ್ಕ ಬಿಡಲು ಶುರುಮಾಡುತ್ತದೆ. ಇಡೀ ಕೆಲಸದಲ್ಲಿ ಒಂದನ್ನೇ ಮಾಡಲು ದುಡ್ಡಿದ್ದರೆ ಜ್ಯಾಕ್ ಬದಲಾಯಿಸಿ. ಓಕ್ ಗ್ರಿಗ್ಸ್‌ಬಿ ಸ್ವಿಚ್ ಕೊಳ್ಳುವ ಮುಂಚೆ ಪಿಕ್‌ಗಾರ್ಡ್ ಬಿಚ್ಚಿ ಒಳಗಿನ ಕುಳಿಯ ಆಳ ನೋಡಿ, ಕೆಲವು ಗಿಟಾರ್‌ಗಳ ದೇಹ ತೆಳ್ಳಗಿದ್ದು ಇದು ತಳಕ್ಕೆ ತಾಗುತ್ತದೆ. ಅಂದಹಾಗೆ ಸ್ಟ್ರಾಟ್ 1954ರಲ್ಲಿ ಬಂದಾಗ ಇದ್ದದ್ದು ಮೂರು ಜಾಗದ ಸ್ವಿಚ್. ನುಡಿಸುವವರು ಅದನ್ನು ನಡುವೆ ಸಿಕ್ಕಿಸಿ ಎರಡು ಪಿಕಪ್ ಒಟ್ಟಿಗೆ ಬರುವ ಟೋನ್ ತೆಗೆಯುತ್ತಿದ್ದರು. ಫೆಂಡರ್‌ನವರು ಐದು ಜಾಗದ ಸ್ವಿಚ್ ಕೊಟ್ಟದ್ದು 1977ರಲ್ಲಿ.

ಕೆಪಾಸಿಟರ್ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಟೋನ್ ಗುಂಡಿಗೆ ಹಾಕುವ ಪುಟ್ಟ ಕೆಪಾಸಿಟರ್‌ಗೆ ಹಳೆ ಕಾಲದ್ದು, ಎಣ್ಣೆ ಕಾಗದದ್ದು ಅಂತ ಸಾವಿರಗಟ್ಟಲೆ ಕೇಳುತ್ತಾರೆ, ಹುಡುಗರು ಕೊಡುತ್ತಾರೆ ಕೂಡ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 473 ಅಂತ ಅಚ್ಚು ಹಾಕಿದ ಪಾಲಿಯೆಸ್ಟರ್ ಕೆಪಾಸಿಟರ್ ಕೆಲವೇ ರೂಪಾಯಿಗೆ ಸಿಗುತ್ತದೆ. 473 ಅಂದರೆ 0.047 ಮೈಕ್ರೋಫ್ಯಾರಡ್, 223 ಅಂದರೆ 0.022. ಮೈಕ್ರೋಫ್ಯಾರಡ್ ಸಂಖ್ಯೆ ಒಂದೇ ಇದ್ದರೆ ಆರೆಂಜ್ ಡ್ರಾಪ್ ಅನ್ನುವ ಹೆಸರುವಾಸಿ ಕೆಪಾಸಿಟರ್‌ಗೂ ಇದಕ್ಕೂ ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಎರಡೂ ಹಾಕಿ, ಕಣ್ಣು ಮುಚ್ಚಿಕೊಂಡು, ಬೇರೆಯವರ ಕೈಯಲ್ಲಿ ಬದಲಾಯಿಸಿಸಿ ಕೇಳಿದೆ. ಆದರೆ 0.047ಕ್ಕೂ 0.022ಕ್ಕೂ ವ್ಯತ್ಯಾಸ ಚೆನ್ನಾಗಿಯೇ ಕೇಳುತ್ತದೆ. 0.047ರಲ್ಲಿ ಟೋನ್ ಪೂರ್ತಿ ಇಳಿಸಿದರೆ ಮಂಕು ಜಾಸ್ತಿ, 0.022ರಲ್ಲಿ ಇಳಿಸಿದರೂ ಮಾತು ಸ್ಪಷ್ಟ ಉಳಿಯುತ್ತದೆ. ಸುಗಮ ಸಂಗೀತಕ್ಕೆ ನಾನು 0.022 ಉಳಿಸಿಕೊಂಡೆ.

ವಾಲ್ಯೂಮ್ ಇಳಿಸಿದಾಗ ಟ್ರೆಬಲ್ ಕೂಡ ಹೋಗುವ ಕಾಟಕ್ಕೆ ಟ್ರೆಬಲ್ ಬ್ಲೀಡ್ ಅಂತ ಪುಟ್ಟ ಉಪಾಯ ಇದೆ, ಪಾಟ್‌ನ ಎರಡು ಕಾಲುಗಳ ನಡುವೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. 150 ಕಿಲೋ ಓಮ್ ಮತ್ತು 1 ನ್ಯಾನೋಫ್ಯಾರಡ್ ಆಸುಪಾಸಿನಲ್ಲಿ ಶುರುಮಾಡಿ, ಕಿವಿಗೆ ಒಪ್ಪುವ ಹಾಗೆ ತಿದ್ದಿಕೊಳ್ಳಿ.

ಈಗ ಗುಂಯ್ ಅನ್ನುವ ಸದ್ದು. ಸಿಂಗಲ್ ಕಾಯಿಲ್ ಇಟ್ಟುಕೊಂಡವರ ದೊಡ್ಡ ಗೋಳು ಇದು, ಇದರಲ್ಲೇ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು. ಎರಡು ಬಗೆಯ ಸದ್ದು ಇರುತ್ತದೆ, ಬೇರೆ ಮಾಡಿ ಕೇಳಲು ಕಲಿಯಬೇಕು. ಒಂದು ಕೆಳಸ್ಥಾಯಿಯ ಗುಂಯ್. ನಮ್ಮ ಕರೆಂಟ್ 50 ಹರ್ಟ್ಜ್, ಅದರ ಅಯಸ್ಕಾಂತ ಕ್ಷೇತ್ರ ಟ್ರಾನ್ಸ್‌ಫಾರ್ಮರ್‌ಗಳಿಂದ, ಹಳೆ ಟ್ಯೂಬ್‌ಲೈಟ್ ಚೋಕ್‌ನಿಂದ ನೇರವಾಗಿ ಪಿಕಪ್‌ನ ಸುರುಳಿಗೆ ಬರುತ್ತದೆ. ಇನ್ನೊಂದು ಚೂಪಾದ ಝರ್ ಸದ್ದು. ಅದು ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಡಿಮ್ಮರ್, ಅಗ್ಗದ ಎಲ್‌ಇಡಿ ಬಲ್ಬಿನಂಥವುಗಳಿಂದ ಬರುತ್ತದೆ, ತಂತಿ ಮುಟ್ಟಿದ ಕೂಡಲೇ ಕಡಿಮೆಯಾಗುತ್ತದೆ. ಪರೀಕ್ಷೆ ಸುಲಭ. ಆಂಪ್ ಮುಂದೆ ಕೂತು ಗಿಟಾರ್ ಸಮೇತ ನಿಧಾನವಾಗಿ ತಿರುಗಿ. ಒಂದು ದಿಕ್ಕಿನಲ್ಲಿ ಕಡಿಮೆಯಾಗಿ ಇನ್ನೊಂದರಲ್ಲಿ ಜಾಸ್ತಿಯಾದರೆ ಅದು ಸುರುಳಿ ಹಿಡಿಯುತ್ತಿರುವ ಗುಂಯ್. ಫ್ಯಾನನ್ನು ಪೂರ್ತಿ ವೇಗಕ್ಕೆ ಇಟ್ಟಾಗ ಅಥವಾ ಆರಿಸಿದಾಗ ಝರ್ ನಿಂತರೆ ಕಾರಣ ರೆಗ್ಯುಲೇಟರ್.

ಒಳಗೆ ತಾಮ್ರದ ಹಾಳೆ ಅಂಟಿಸುವುದರಿಂದ ಎರಡನೆಯದು ಕಡಿಮೆಯಾಗುತ್ತದೆ, ಮೊದಲನೆಯದಲ್ಲ. ಇದನ್ನು ತಿಳಿಯದೆ ತಾಮ್ರ ಅಂಟಿಸಿ, ಏನೂ ಆಗಲಿಲ್ಲ ಅಂತ ಬೈಯುವವರು ಬಹಳ. ನಾನು ಅಂಟಿನಲ್ಲೂ ಕರೆಂಟ್ ಹರಿಯುವ ತಾಮ್ರದ ಟೇಪ್ ತಗೊಂಡು ಕುಳಿಯ ಗೋಡೆ, ತಳ, ಪಿಕ್‌ಗಾರ್ಡ್‌ನ ಹಿಂಬದಿ ಎಲ್ಲ ಮುಚ್ಚಿದೆ. ಹಾಳೆ ಹಾಳೆ ಸೇರುವಲ್ಲಿ ಒಂದೊಂದು ಬೊಟ್ಟು ಬೆಸುಗೆ. ಪಿಕ್‌ಗಾರ್ಡ್ ಮುಚ್ಚಿದಾಗ ಎರಡೂ ಕಡೆಯ ತಾಮ್ರ ಮುಟ್ಟುವ ಹಾಗೆ ಅಂಚಿನ ಮೇಲೆ ಒಂದು ನಾಲಿಗೆ ಬಿಟ್ಟೆ. ಝರ್ ಸದ್ದು ಮುಕ್ಕಾಲು ಪಾಲು ಹೋಯಿತು. ಗುಂಯ್ ಇದ್ದಷ್ಟೇ ಇತ್ತು, ಅದಕ್ಕೆ ಪರಿಹಾರ ಪಿಕಪ್‌ನಲ್ಲಿದೆ, ಮುಂದೆ ಹೇಳುತ್ತೇನೆ.

ಮನೆಯ ಅರ್ಥಿಂಗ್ ನೋಡಿಸಿ. ಮೂರು ಪಿನ್ ಸಾಕೆಟ್ ಇದ್ದರೂ ಮೂರನೆಯ ತೂತಿಗೆ ವೈರೇ ಇರದ ಮನೆಗಳು ಎಷ್ಟೋ ಇವೆ. ಬ್ರಿಡ್ಜ್‌ನಿಂದ (ದೇಹದ ಮೇಲೆ ತಂತಿಗಳು ಕೂರುವ ಲೋಹದ ಭಾಗ) ಪಾಟ್‌ನ ಬೆನ್ನಿಗೆ ಬರುವ ಗ್ರೌಂಡ್ ವೈರನ್ನು ಯಾವತ್ತೂ ಕತ್ತರಿಸಬೇಡಿ, ತಂತಿ ಮುಟ್ಟಿದಾಗ ಸದ್ದು ನಿಲ್ಲುವುದು ಅದರಿಂದ. ಆದರೆ ಆಂಪ್ ಕೆಟ್ಟು ಕರೆಂಟ್ ಲೀಕ್ ಆದರೆ ಅದೇ ತಂತಿ ಮೂಲಕ ನಿಮಗೆ ಹೊಡೆಯುತ್ತದೆ. ಪೆಂಡಾಲ್‌ನಲ್ಲಿ, ಜನರೇಟರ್ ಮೇಲೆ ನುಡಿಸುವವರು ಮೈಕ್ ಮುಟ್ಟುವ ಮೊದಲು ಟೆಸ್ಟರ್ ಹಚ್ಚಿ ನೋಡುವುದು ಒಳ್ಳೆಯದು. ತುಟಿಗೆ ಶಾಕ್ ಹೊಡೆಯುವುದು ತಮಾಷೆಯ ವಿಷಯ ಅಲ್ಲ.

ಬೆಸುಗೆ ಬಗ್ಗೆ ಒಂದೇ ಮಾತು. ಮನೆಯಲ್ಲಿರುವ 25 ವಾಟ್ ಸೋಲ್ಡರಿಂಗ್ ಐರನ್ ವೈರ್‌ಗೆ ಸಾಕು, ಪಾಟ್‌ನ ಬೆನ್ನಿಗೆ ಸಾಲದು. ಲೋಹ ಕಾಯುವ ತನಕ ಹಿಡಿದೇ ಇದ್ದರೆ ಪಾಟ್‌ನ ಒಳಗಿನ ಪಟ್ಟಿ ಸುಡುತ್ತದೆ. 60 ವಾಟ್, ಅಗಲ ಮೂತಿ, 60/40 ಸೋಲ್ಡರ್. ಬೆನ್ನನ್ನು ಉಪ್ಪುಕಾಗದದಲ್ಲಿ ಸ್ವಲ್ಪ ಉಜ್ಜಿಕೊಂಡರೆ ಎರಡು ಮೂರು ಸೆಕೆಂಡಿನಲ್ಲಿ ಹಿಡಿಯುತ್ತದೆ. ಬೆಸುಗೆ ಹೊಳೆಯಬೇಕು. ಬೂದಿ ಬಣ್ಣದ ಉಂಡೆ ಥರ ಕೂತರೆ ಮತ್ತೆ ಮಾಡಿ.

ಇಷ್ಟು ಮಾಡಿದ ಮೇಲೆ ಹಳೆ ಪಿಕಪ್‌ನಲ್ಲೇ ಗಿಟಾರ್ ಮೊದಲಿಗಿಂತ ಎಷ್ಟೋ ಚೆನ್ನಾಗಿತ್ತು. ಇಲ್ಲಿಗೇ ನಿಲ್ಲಿಸಿದರೂ ತಪ್ಪಿಲ್ಲ. ಪಿಕಪ್‌ಗೆ ಆಗುವ ಖರ್ಚಿನ ಮುಂದೆ ಈ ಖರ್ಚು ಚಿಕ್ಕದು.

ಈಗ ಎಸ್‌ಎಸ್‌ಎಲ್-1. ಸೆಮೂರ್ ಡಂಕನ್ ಕಂಪನಿ ಶುರುವಾಗಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ. ಎಸ್‌ಎಸ್‌ಎಲ್-1 ಹಳೆ ಸ್ಟ್ರಾಟ್ ಪಿಕಪ್‌ನ ಮಾದರಿ. ಆಲ್ನಿಕೋ 5 (ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಲೋಹ) ಅಯಸ್ಕಾಂತದ ಆರು ಕಡ್ಡಿಗಳು, ಅವುಗಳ ಸುತ್ತ ಸಾವಿರಾರು ಸುತ್ತು ಕೂದಲಿನಷ್ಟು ತೆಳ್ಳಗಿನ ತಾಮ್ರದ ವೈರ್, ಡಿಸಿ ರೆಸಿಸ್ಟೆನ್ಸ್ ಸುಮಾರು 6.5 ಕಿಲೋ ಓಮ್. ಅಗ್ಗದ ಗಿಟಾರ್‌ಗಳ ಸೆರಾಮಿಕ್ ಪಿಕಪ್‌ನಲ್ಲಿ ಕಂಬಗಳು ಬರೀ ಉಕ್ಕು, ಅಯಸ್ಕಾಂತದ ಪಟ್ಟಿ ಕೆಳಗೆ ಅಂಟಿರುತ್ತದೆ. ಉಕ್ಕು ಸುರುಳಿಯ ಇಂಡಕ್ಟನ್ಸ್ ಹೆಚ್ಚಿಸುತ್ತದೆ, ಅದರಿಂದ ಮೇಲಿನ ಫ್ರೀಕ್ವೆನ್ಸಿಗಳು ಬೇಗ ಕತ್ತರಿಸಿಹೋಗುತ್ತವೆ. ವ್ಯತ್ಯಾಸದ ಮೂಲ ಇಲ್ಲಿದೆ.

ಕೇಳುವುದಕ್ಕೆ ಹೇಗೆ? ಮೂರು ಪಿಕಪ್‌ಗಳಲ್ಲಿ ನೆಕ್ ಹತ್ತಿರದ್ದು ನೆಕ್ ಪಿಕಪ್, ಬ್ರಿಡ್ಜ್ ಹತ್ತಿರದ್ದು ಬ್ರಿಡ್ಜ್ ಪಿಕಪ್. ನೆಕ್ ಪಿಕಪ್‌ನಲ್ಲಿ ದಪ್ಪ ತಂತಿಗಳು ಮೊದಲು ಬುಸ್ ಅಂತ ಉಬ್ಬುತ್ತಿದ್ದವು, ಈಗ ಬಿಗಿಯಾಗಿ, ದುಂಡಗೆ ಬರುತ್ತವೆ. ಎ ಮೈನರ್ ಕಾರ್ಡನ್ನು ನಿಧಾನವಾಗಿ ಒಂದೊಂದೇ ತಂತಿ ಮೀಟಿದರೆ ಐದು ಸ್ವರ ಐದು ಸ್ವರವಾಗೇ ಕೇಳುತ್ತವೆ. ಮೀಟು ಗಟ್ಟಿಯಾದರೆ ಸ್ವರದ ಮೊದಲ ತುದಿಗೆ ಒಂದು ಗಂಟೆಯ ಹೊಳಪು ಬರುತ್ತದೆ, ಬೆರಳಿನ ಮಾಂಸದಲ್ಲಿ ಮೀಟಿದರೆ ಅದು ಪೂರ್ತಿ ಮಾಯ. ಹಳೆ ಪಿಕಪ್ ಎರಡಕ್ಕೂ ಒಂದೇ ಉತ್ತರ ಕೊಡುತ್ತಿತ್ತು. ನನಗೆ ದುಡ್ಡು ಸಾರ್ಥಕ ಅನ್ನಿಸಿದ್ದು ಇಲ್ಲಿ. ನೆಕ್ ಮತ್ತು ಮಧ್ಯದ ಪಿಕಪ್ ಸೇರಿದ ನಾಲ್ಕನೇ ಜಾಗದಲ್ಲಿ ಭಾವಗೀತೆಗೆ ಆರ್ಪೆಜಿಯೋ ನುಡಿಸಿದರೆ ಹಾಡುವವರ ದನಿಗೆ ಎಲ್ಲೂ ಅಡ್ಡ ಬರುವುದಿಲ್ಲ.

ಗುಂಯ್ ಸದ್ದಿಗೆ ಪರಿಹಾರ ಅಂದೆನಲ್ಲ, ಅದು ಮಧ್ಯದ ಪಿಕಪ್. ಅದನ್ನು ಆರ್‌ಡಬ್ಲ್ಯೂಆರ್‌ಪಿ (ರಿವರ್ಸ್ ವೌಂಡ್, ರಿವರ್ಸ್ ಪೊಲಾರಿಟಿ) ಅಂತ ಕೇಳಿಯೇ ತಗೊಳ್ಳಿ. ಸುರುಳಿ ಉಲ್ಟಾ, ಅಯಸ್ಕಾಂತವೂ ಉಲ್ಟಾ. ತಂತಿಯ ಸಿಗ್ನಲ್ ಕೂಡಿಕೊಳ್ಳುತ್ತದೆ, ಹೊರಗಿನಿಂದ ಬಂದ ಗುಂಯ್ ಒಂದನ್ನೊಂದು ಕಳೆದುಕೊಳ್ಳುತ್ತದೆ. ಎರಡನೇ ಮತ್ತು ನಾಲ್ಕನೇ ಜಾಗದಲ್ಲಿ ಗಿಟಾರ್ ಹಂಬಕರ್ ಥರ ಮೌನವಾಗಿರುತ್ತದೆ. ಬಿಡಿ ಪಿಕಪ್ ಕೊಳ್ಳುವಾಗ ಮೂರನ್ನೂ ಒಂದೇ ಥರದ್ದು ಕಟ್ಟಿಕೊಡುವ ಸಾಧ್ಯತೆ ಇದೆ, ಡಬ್ಬಿಯ ಮೇಲೆ ಓದಿ ನೋಡಿ.

ಇನ್ನು ನನಗೆ ಒಪ್ಪಿಗೆಯಾಗದ ಒಂದು ವಿಷಯ. ಎಸ್‌ಎಸ್‌ಎಲ್-1ರ ಕಡ್ಡಿಗಳು ಒಂದೇ ಎತ್ತರದಲ್ಲಿಲ್ಲ, ಮೂರನೆಯ ಜಿ ತಂತಿಯ ಕೆಳಗಿನದು ಎತ್ತರವಾಗಿ ನಿಂತಿರುತ್ತದೆ. 1954ರ ಕಾಲದಲ್ಲಿ ಜಿ ತಂತಿಗೆ ಸುತ್ತು ಇರುತ್ತಿತ್ತು, ಅದರ ಸದ್ದು ಕಡಿಮೆ, ಹಾಗಾಗಿ ಕಡ್ಡಿ ಎತ್ತರಿಸಿದ್ದರು. ಈಗ ನಾವೆಲ್ಲ ಹಾಕುವುದು ಸುತ್ತಿಲ್ಲದ ಜಿ. ಅದರ ಸದ್ದು ಮೊದಲೇ ಜಾಸ್ತಿ, ಕಡ್ಡಿಯೂ ಎತ್ತರ, ಕಾರ್ಡ್ ನುಡಿಸಿದಾಗ ಆ ಒಂದು ತಂತಿ ಮುಂದೆ ಹಾರಿ ಬರುತ್ತದೆ. ಇದನ್ನು ದೋಷ ಅನ್ನಲಾರೆ, ಹಳೆಯದನ್ನು ಹಾಗೇ ಮಾಡುತ್ತೇವೆ ಅಂತ ಅವರು ಹೇಳಿಯೇ ಮಾರುತ್ತಾರೆ. ಆದರೆ ಗಮಕ ಕೊಡಲು ನಾವು ಜಾಸ್ತಿ ಎಳೆಯುವುದೇ ಜಿ ಮತ್ತು ಬಿ ತಂತಿಗಳನ್ನು. ಜಿಯಿಂದ ಬಿಗೆ ದಾಟಿದಾಗ ಸದ್ದು ಕೆಳಗೆ ಬಿದ್ದ ಹಾಗಾಗುತ್ತದೆ. ಕಡ್ಡಿಯನ್ನು ಒತ್ತಿ ಕೆಳಗಿಳಿಸಲು ಹೋಗಬೇಡಿ, ಹಳೆ ಶೈಲಿಯ ಪಿಕಪ್‌ನಲ್ಲಿ ವೈರ್ ಕಡ್ಡಿಯ ಮೈಗೇ ತಾಗಿಕೊಂಡು ಸುತ್ತಿರುತ್ತದೆ, ಕಡಿದರೆ ಪಿಕಪ್ ಸತ್ತ ಹಾಗೆ. ಇವರದೇ ಎಸ್‌ಎಸ್‌ಎಲ್-2 ಇದೆ, ಕಡ್ಡಿಗಳು ಸಮತಟ್ಟು. ನಮ್ಮ ಥರದ ಸಂಗೀತಕ್ಕೆ ನನ್ನ ಓಟು ಅದಕ್ಕೇ.

ಪಿಕಪ್‌ನ ಎತ್ತರ ಸರಿ ಮಾಡುವುದು ಪುಕ್ಕಟೆ ಕೆಲಸ, ಆದರೂ ಯಾರೂ ಮಾಡುವುದಿಲ್ಲ. ಆಲ್ನಿಕೋ ಕಡ್ಡಿ ತಂತಿಯನ್ನು ಎಳೆಯುತ್ತದೆ. ತೀರಾ ಹತ್ತಿರ ಇದ್ದರೆ ದಪ್ಪ ತಂತಿಯಲ್ಲಿ ಹನ್ನೆರಡನೇ ಫ್ರೆಟ್‌ನಿಂದ ಮೇಲೆ ಸ್ವರ ಅಲುಗಾಡುತ್ತದೆ, ಶ್ರುತಿ ಸರಿ ಇದ್ದರೂ ಅಪಸ್ವರ ಕೇಳುತ್ತದೆ, ನಾದ ಬೇಗ ಸಾಯುತ್ತದೆ. ಕೊನೆಯ ಫ್ರೆಟ್ ಒತ್ತಿ ಹಿಡಿದು, ಕಡ್ಡಿಯ ತುದಿಯಿಂದ ತಂತಿಯ ತಳಕ್ಕೆ ಅಳೆಯಿರಿ. ದಪ್ಪ ತಂತಿಯ ಕಡೆ 2.4 ಮಿಲಿಮೀಟರ್, ಸಣ್ಣ ತಂತಿಯ ಕಡೆ 2 ಮಿಲಿಮೀಟರ್, ಹಳೆ ಶೈಲಿಯ ಪಿಕಪ್‌ಗೆ ಇದು ಒಳ್ಳೆಯ ಆರಂಭ. ನಾನು ನೆಕ್ ಪಿಕಪ್ಪನ್ನು ಇನ್ನೂ ಸ್ವಲ್ಪ ಕೆಳಗಿಳಿಸಿದೆ, ಗಮಕದ ಕೊನೆಯ ತನಕ ಸ್ವರ ಉಳಿಯಿತು.

ಬ್ರಿಡ್ಜ್ ಪಿಕಪ್ ಮಾತ್ರ ತೆಳು, ಕಿವಿಗೆ ಚುಚ್ಚುತ್ತದೆ. ಸ್ಟ್ರಾಟ್‌ನ ಮೂಲ ವೈರಿಂಗ್‌ನಲ್ಲಿ ಬ್ರಿಡ್ಜ್‌ಗೆ ಟೋನ್ ಗುಂಡಿಯೇ ಇಲ್ಲ, ಎರಡು ಟೋನ್‌ಗಳೂ ನೆಕ್ ಮತ್ತು ಮಧ್ಯಕ್ಕೆ. ಸ್ವಿಚ್‌ನಲ್ಲಿ ಮಧ್ಯದ ಟೋನ್ ಕಾಲಿನಿಂದ ಬ್ರಿಡ್ಜ್ ಕಾಲಿಗೆ ಒಂದು ತುಂಡು ವೈರ್ ಎಳೆದರೆ ಬ್ರಿಡ್ಜ್‌ಗೂ ಟೋನ್ ಸಿಗುತ್ತದೆ. ಆರರಲ್ಲಿ ಇಟ್ಟರೆ ಚುಚ್ಚುವುದು ನಿಂತು ಮಾತಾಡುವ ದನಿ ಬರುತ್ತದೆ. ರಾಕ್ ಕೂಡ ನುಡಿಸುವವರು ಬ್ರಿಡ್ಜ್‌ಗೆ ಮಾತ್ರ ಎಸ್‌ಎಸ್‌ಎಲ್-5 ಹಾಕಬಹುದು, ಸುಮಾರು 13 ಕಿಲೋ ಓಮ್, ದಪ್ಪ ಜಾಸ್ತಿ.

ಬೆಲೆ ದೊಡ್ಡ ಮಾತು. ಮೂರು ಪಿಕಪ್, ಪಾಟ್, ಸ್ವಿಚ್, ಸಾಗಣೆ, ತೆರಿಗೆ ಎಲ್ಲ ಸೇರಿದರೆ ಅಗ್ಗದ ಗಿಟಾರ್‌ನ ಬೆಲೆಯನ್ನೇ ಮುಟ್ಟಿಬಿಡುತ್ತದೆ. ಗಿಟಾರ್ ಮಾರುವಾಗ ಆ ದುಡ್ಡು ವಾಪಸ್ ಬರುವುದಿಲ್ಲ. ನೆಕ್ ನಿಮ್ಮ ಕೈಗೆ ಒಪ್ಪಿದ್ದರೆ, ಇದನ್ನೇ ಇಟ್ಟುಕೊಳ್ಳುತ್ತೇನೆ ಅನ್ನುವುದಾದರೆ ಮಾತ್ರ ಹಾಕಿ. ಕೈ ಬಿಗಿ ಇದ್ದರೆ ಟೋನ್‌ರೈಡರ್‌ನಂಥ ಕಡಿಮೆ ಬೆಲೆಯ ಆಲ್ನಿಕೋ ಸೆಟ್‌ಗಳೂ ಸೆರಾಮಿಕ್‌ಗಿಂತ ದೊಡ್ಡ ಹೆಜ್ಜೆ. ಕಲಿಯಲು ಶುರುಮಾಡಿದ ಮಕ್ಕಳ ಗಿಟಾರ್‌ಗೆ ಇದ್ಯಾವುದೂ ಬೇಡ, ಹೊಸ ತಂತಿ ಹಾಕಿಸಿ, ಸೆಟಪ್ ಮಾಡಿಸಿ, ಒಳ್ಳೆ ಕೇಬಲ್ ಕೊಡಿಸಿ. ಕೇಬಲ್ ಉದ್ದ ಆದಷ್ಟೂ ಅದರ ಕೆಪಾಸಿಟನ್ಸ್ ಏರಿ ಟ್ರೆಬಲ್ ಕರಗುತ್ತದೆ, ಮನೆಯಲ್ಲಿ ಮೂರು ಮೀಟರ್ ಸಾಕು.

ಕೆಲಸ ಮಾಡಿಸುವುದಾದರೆ ಸಾಧ್ಯವಾದರೆ ಇನ್ನೊಂದು ಪಿಕ್‌ಗಾರ್ಡ್ ಕೊಂಡು ಹೊಸ ಸರಕನ್ನೆಲ್ಲ ಅದರ ಮೇಲೆ ಕಟ್ಟಿಸಿ, ತೂತುಗಳು ಹೊಂದುತ್ತವಾ ಅಂತ ಮೊದಲೇ ಇಟ್ಟು ನೋಡಿ. ಹಳೆಯ ಪಿಕ್‌ಗಾರ್ಡ್ ಪಿಕಪ್ ಸಮೇತ ಹಾಗೇ ಉಳಿಯುತ್ತದೆ. ಗಿಟಾರ್ ಮಾರುವ ದಿನ ಬಂದರೆ ಹಳೆಯದನ್ನು ವಾಪಸ್ ಹಾಕಿ, ಎಸ್‌ಎಸ್‌ಎಲ್‌ಗಳನ್ನು ಮುಂದಿನ ಗಿಟಾರ್‌ಗೆ ತಗೊಂಡು ಹೋಗಬಹುದು.